ರಾತ್ರಿ ಮಾತ್ರ ಘಮಘಮಿಸುವ ಹೆಸರಿಲ್ಲದ ಗಿಡ: ಗುರುತು ಹಿಡಿಯುವ ಕೈಪಿಡಿ

ಸಮಸ್ಯೆ: ಹೊರದೇಶದಿಂದ ಯಾರೋ ತಂದುಕೊಟ್ಟ ಕಡ್ಡಿ ಈಗ ಆಳೆತ್ತರದ ಪೊದೆಯಾಗಿದೆ. ಹಗಲು ನೋಡಿದರೆ ಸಾದಾ ಹಸಿರು ಗಿಡ. ಕತ್ತಲಾದ ಮೇಲೆ ಅಂಗಳವೆಲ್ಲ ಘಮ್ಮೆನ್ನುತ್ತದೆ. ತಂದವರಿಗೆ ಹೆಸರು ಗೊತ್ತಿಲ್ಲ. ಪಕ್ಕದ ಮನೆಯವರು ರಾತ್ರಿರಾಣಿ ಎನ್ನುತ್ತಾರೆ, ನರ್ಸರಿಯವರು ಮಲ್ಲಿಗೆಯದೇ ಯಾವುದೋ ಜಾತಿ ಎನ್ನುತ್ತಾರೆ, ಮೊಬೈಲಿನ ಆ್ಯಪ್ ಮೂರು ಫೋಟೊಗೆ ಮೂರು ಹೆಸರು ಕೊಡುತ್ತದೆ.

ಹೀಗೆ ಬರುವ ಗಿಡಗಳಲ್ಲಿ ಹೆಚ್ಚಿನವು ಹತ್ತು ಹನ್ನೆರಡು ಜಾತಿಗಳ ಒಳಗೇ ಸಿಕ್ಕಿಬಿಡುತ್ತವೆ. ಅವನ್ನು ಬೇರ್ಪಡಿಸಲು ಬೇಕಾಗುವುದು ಒಂದು ಹೊಸ ಬ್ಲೇಡು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಮಿಲಿಮೀಟರ್ ಗುರುತಿರುವ ಸ್ಕೇಲು, ಒಂದು ತುಂಡು ಕಪ್ಪು ಕಾಗದ, ಹಳೆಯ ಪತ್ರಿಕೆ ಮತ್ತು ಒಂದು ಜೊತೆ ರಬ್ಬರ್ ಕೈಗವಸು. ಮೂಗಿನ ಕೆಲಸ ಕಡಿಮೆ. ಪರಿಮಳ ಹಿಡಿದು ಹೆಸರು ಹುಡುಕಹೊರಟವರೇ ಹೆಚ್ಚಾಗಿ ದಾರಿ ತಪ್ಪುವುದು, ಏಕೆಂದರೆ ರಾತ್ರಿಯ ಪತಂಗಗಳನ್ನು ಕರೆಯುವ ಹೂಗಳೆಲ್ಲ, ಒಂದಕ್ಕೊಂದು ನಂಟೇ ಇಲ್ಲದ ಕುಟುಂಬಗಳವೂ ಸೇರಿ, ಸಾಮಾನ್ಯವಾಗಿ ಒಂದೇ ವೇಷದಲ್ಲಿರುತ್ತವೆ: ಬಿಳಿ ಅಥವಾ ತಿಳಿಹಸಿರು ಬಣ್ಣ, ಸಪೂರ ಕೊಳವೆ, ಮತ್ತೇರಿಸುವ ಸಿಹಿ ವಾಸನೆ.

ಕೈಗವಸು ಯಾಕೆಂದರೆ, ಶಂಕಿತ ಗಿಡಗಳಲ್ಲಿ ಮುಖ್ಯವಾದವು ಬದನೆ ಕುಟುಂಬದವು, ಅಂದರೆ ಸೋಲನೇಸಿ. ಅವುಗಳ ಎಲೆ, ಹೂ, ಕಾಯಿ ಎಲ್ಲವೂ ವಿಷ. ಹೆಸರು ಖಚಿತವಾಗುವವರೆಗೆ ಗಿಡವನ್ನು ವಿಷದ್ದೆಂದೇ ಎಣಿಸಿ. ರುಚಿ ನೋಡುವುದು, ಹೂವನ್ನು ಚಹಾಕ್ಕೆ ಹಾಕುವುದು, ಕತ್ತರಿಸಿದ ರೆಂಬೆಯನ್ನು ಆಡಿಗೆ ಹಾಕುವುದು ಯಾವುದೂ ಬೇಡ.

ಪರಿಮಳ ಈ ಗಿಡದ್ದೇ ಹೌದೇ?

ಇದು ಹುಡುಗಾಟದ ಪ್ರಶ್ನೆಯಲ್ಲ. ಮಳೆಗಾಲ ಮುಗಿದ ಮೇಲೆ ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ರಾತ್ರಿ ತಲೆಗೇರುವ ವಾಸನೆ ಸಪ್ತಪರ್ಣಿಯದು, ಹಾಲೆ ಮರ ಎಂದೂ ಕರೆಯುವ ಮರದ್ದು. ಆಕಾಶಮಲ್ಲಿಗೆ ಹೂ ಬಿಟ್ಟಾಗಲೂ ಹಾಗೇ. ಗಾಳಿ ತಂದ ಪರಿಮಳವನ್ನು ಕೈಗೆಟಕುವ ಗಿಡದ ಲೆಕ್ಕಕ್ಕೆ ಬರೆಯುವುದು ಸುಲಭ.

ರಾತ್ರಿ ಒಂಬತ್ತರ ಹೊತ್ತಿಗೆ ಅರಳಿದ ಹೂಗಳಿರುವ ಗೇಣುದ್ದದ ಒಂದು ರೆಂಬೆ ಕತ್ತರಿಸಿ, ತುದಿಗೆ ಒದ್ದೆ ಹತ್ತಿ ಸುತ್ತಿ, ಮುಚ್ಚಳವಿರುವ ಸ್ಟೀಲ್ ಡಬ್ಬಿಯೊಳಗಿಡಿ. ಇನ್ನೊಂದು ಡಬ್ಬಿಯಲ್ಲಿ ಅದೇ ಗಿಡದ ಹೂವಿಲ್ಲದ ಎಲೆಗಳಿರಲಿ. ಎರಡನ್ನೂ ತೋಟದ ಗಾಳಿ ಬಾರದ ಒಳಕೋಣೆಗೆ ಒಯ್ದು ಇಪ್ಪತ್ತು ನಿಮಿಷ ಬಿಟ್ಟು ತೆಗೆದು ಮೂಸಿ. ಡಬ್ಬಿ ಅಡುಗೆಮನೆಯದಾಗಿದ್ದರೆ ಹಿಂದಿನ ದಿನವೇ ತೊಳೆದು ಬಿಸಿಲಿಗೆ ಹಾಕಿರಬೇಕು. ಒಗ್ಗರಣೆಯ ವಾಸನೆಯ ಮುಂದೆ ಯಾವ ಹೂವೂ ನಿಲ್ಲದು. ಆಮೇಲೆ ಆ ಡಬ್ಬಿಯನ್ನು ಊಟಕ್ಕೆ ಬಳಸುವ ಮುನ್ನ ಚೆನ್ನಾಗಿ ಉಜ್ಜಿ ತೊಳೆಯಿರಿ.

ಡಬ್ಬಿಯಲ್ಲಿ ವಾಸನೆಯೇ ಇಲ್ಲದಿದ್ದರೆ ಎರಡು ಸಾಧ್ಯತೆ: ಪರಿಮಳ ಬೇರೆ ಗಿಡದ್ದು, ಇಲ್ಲವೇ ಆ ರಾತ್ರಿ ಹೂ ಪೂರ್ತಿ ಅರಳಿರಲಿಲ್ಲ. ರಾತ್ರಿರಾಣಿಯಂಥ ಗಿಡಗಳು ಅಲೆ ಅಲೆಯಾಗಿ ಹೂ ಬಿಡುತ್ತವೆ; ಒಂದಿಷ್ಟು ದಿನ ಮೈತುಂಬ ಹೂ, ನಂತರ ಬಿಡುವು. ಮೊಗ್ಗು ಬಲಿತಾಗ ಇನ್ನೊಮ್ಮೆ ಮಾಡಿ. ಹಗಲಲ್ಲೇ ಕೆಲಸ ಮುಗಿಸೋಣವೆಂದು ರೆಂಬೆಯನ್ನು ಕತ್ತಲೆ ಕೋಣೆಯಲ್ಲಿಟ್ಟು ಕಾದರೆ ಪ್ರಯೋಜನವಿಲ್ಲ. ರಾತ್ರಿರಾಣಿಯಲ್ಲಿ ಹೂ ಅರಳುವುದೂ ಪರಿಮಳ ಸೂಸುವುದೂ ಗಿಡದ ಒಳಗಿನ ಗಡಿಯಾರದ ಲಯದಲ್ಲಿ ನಡೆಯುತ್ತವೆ ಎಂಬುದನ್ನು 1960ರಲ್ಲೇ ಅಮೆರಿಕದ ಸಸ್ಯಶಾಸ್ತ್ರ ಪತ್ರಿಕೆಯೊಂದು ಪ್ರಕಟಿಸಿತ್ತು.

ಎಲೆ, ಗೆಣ್ಣು, ಸೊನೆ

ಹೂವಿಗೆ ಕಾಯದೆ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಮೊದಲು ಒಂದು ಎಲೆಯ ತೊಟ್ಟು ಮುರಿಯಿರಿ. ಬಿಳಿ ಹಾಲು ಒಸರಿದರೆ ಗಿಡ ಕಣಗಿಲೆ ಕುಟುಂಬದ್ದು. ಎಲೆ ಎದುರುಬದುರಾಗಿದ್ದು ಹೊಳಪಾಗಿದ್ದರೆ ನಂದಿಬಟ್ಟಲು. ದಪ್ಪ ಬೂದು ಕೊಂಬೆಯ ತುದಿಯಲ್ಲಿ ದೊಡ್ಡ ಎಲೆಗಳು ಗುಂಪಾಗಿದ್ದರೆ ದೇವಕಣಗಿಲೆ. ಎರಡಕ್ಕೂ ರಾತ್ರಿಯಲ್ಲಿ ಪರಿಮಳ ಹೆಚ್ಚು. ಬರಗಾಲದ ಬಿಸಿಲಿನಲ್ಲಿ ಸೊರಗಿದ ಗಿಡದಲ್ಲಿ ಹಾಲು ಕಾಣದೇ ಹೋಗಬಹುದು, ಹಾಗಾಗಿ ಬೆಳಿಗ್ಗೆ ನೀರು ಹಾಕಿದ ಮೇಲೆ ಎಳೆಯ ತೊಟ್ಟಿನಲ್ಲಿ ನೋಡಿ.

ಹಾಲಿಲ್ಲದಿದ್ದರೆ ಎಲೆಗಳ ಜೋಡಣೆ. ರೆಂಬೆಯ ತುದಿಯಲ್ಲಿ ನೋಡಬೇಡಿ, ಅಲ್ಲಿ ಎಲೆಗಳು ಒತ್ತಾಗಿದ್ದು ಎಲ್ಲವೂ ಎದುರುಬದುರಾಗಿಯೇ ಕಾಣುತ್ತವೆ. ತುದಿಯಿಂದ ಕೆಳಗೆ ಐದಾರನೆಯ ಗೆಣ್ಣಿನಲ್ಲಿ ನೋಡಿ.

ಒಂದೇ ತೊಟ್ಟಿಗೆ ಹಲವು ಕಿರುಎಲೆಗಳು ಕರಿಬೇವಿನಂತೆ ಸಾಲಾಗಿದ್ದರೆ ಒಂದು ಕಿರುಎಲೆಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಸೂಜಿಮೊನೆಯಷ್ಟು ಪಾರದರ್ಶಕ ಚುಕ್ಕೆಗಳು ಕಂಡರೆ ಅದು ನಿಂಬೆ ಕುಟುಂಬದ ಎಣ್ಣೆಗ್ರಂಥಿ. ಗಿಡ ಮುರ್ರಾಯಾ ಪ್ಯಾನಿಕ್ಯುಲೇಟಾ, ನರ್ಸರಿಗಳಲ್ಲಿ ಕಾಮಿನಿ ಎಂದು ಸಿಗುವುದು, ಕಾಯಿ ಮಾಗಿದಾಗ ಕೆಂಪು. ಇದು ನಮ್ಮ ಉಪಖಂಡದ್ದೇ ಗಿಡ. ಅಮೆರಿಕದಲ್ಲಿ ಇದನ್ನು ಕಿತ್ತಳೆಮಲ್ಲಿಗೆ ಎಂಬರ್ಥದ ಹೆಸರಿನಲ್ಲಿ ಮಾರುವುದರಿಂದ ಫ್ಲಾರಿಡಾದಿಂದ ಹೊಸ ಗಿಡವೆಂದು ವಾಪಸ್ ಬರುವುದುಂಟು.

ಬಿಡಿ ಎಲೆಗಳು ಎದುರುಬದುರಾಗಿದ್ದರೆ ಎರಡು ತೊಟ್ಟುಗಳ ನಡುವಿನ ಕಾಂಡ ನೋಡಿ. ಅಲ್ಲಿ ಚಿಕ್ಕ ಮೊನಚು ಪೊರೆಯಿದ್ದರೆ ಕಾಫಿ ಕುಟುಂಬ. ಕೊಡಗು, ಚಿಕ್ಕಮಗಳೂರಿನವರು ತೋಟದ ಕಾಫಿ ಗಿಡದ ಗೆಣ್ಣನ್ನೇ ಪಕ್ಕದಲ್ಲಿಟ್ಟು ಹೋಲಿಸಬಹುದು. ರಾತ್ರಿ ಪರಿಮಳದ ಗಿಡಗಳಲ್ಲಿ ಹೀಗಿರುವುದು ಬಹುಪಾಲು ಗಾರ್ಡೇನಿಯಾ, ಗಂಧರಾಜ. ಪೊರೆಯಿಲ್ಲ, ಎಲೆ ಉಪ್ಪುಕಾಗದದಷ್ಟು ಒರಟು, ಎಳೆಯ ರೆಂಬೆ ಚೌಕಾಕಾರ ಎಂದಾದರೆ ಪಾರಿಜಾತ. ಎಲೆ ಅಗಲವಾಗಿ, ಅಂಚಿಗೆ ಹಲ್ಲಿದ್ದು, ಉಜ್ಜಿದರೆ ಮುಖ ಸಿಂಡರಿಸುವಂತೆ ನಾರಿದರೆ ಕ್ಲೆರೊಡೆಂಡ್ರಮ್ ಚೈನೆನ್ಸ್. ಅದರ ಹೂಗೊಂಚಲಿನ ಪರಿಮಳಕ್ಕೂ ಎಲೆಯ ನಾತಕ್ಕೂ ತಾಳೆಯೇ ಇಲ್ಲ. ಎಲೆ ಗಟ್ಟಿಯಾಗಿ, ಎಲೆಕಂಕುಳಲ್ಲಿ ನಾಲ್ಕು ದಳದ ಪುಟ್ಟ ಕೆನೆಬಣ್ಣದ ಹೂಗಳು ಗುಂಪಾಗಿದ್ದರೆ ಚೀನಾ ಮೂಲದ ಆಸ್ಮಾಂತಸ್.

ಎಲೆಗಳು ಒಂದು ಬಿಟ್ಟು ಒಂದಾಗಿ, ಅಂಚು ನಯವಾಗಿ, ಹಾಲಿಲ್ಲದೆ ಇದ್ದರೆ ಬದನೆ ಕುಟುಂಬದ ಬಾಗಿಲು ತಟ್ಟಿದ್ದೀರಿ. ಅಲ್ಲಿಂದ ಮುಂದೆ ಹೂವಿಲ್ಲದೆ ಆಗದು.

ಹೂ ಸೀಳಿ ಕೇಸರ ಎಣಿಸುವುದು

ಅದೇ ಸಂಜೆ ಅರಳಿದ ಹೂ ಆರಿಸಿ. ಹಿಂದಿನ ದಿನದ್ದಾದರೆ ಪರಾಗಕೋಶ ಉದುರಿ ಲೆಕ್ಕ ತಪ್ಪುತ್ತದೆ. ಕಪ್ಪು ಕಾಗದದ ಮೇಲೆ ಮಲಗಿಸಿ, ಬುಡದಲ್ಲಿ ಎಡಗೈ ತೋರುಬೆರಳಿನಿಂದ ಒತ್ತಿಹಿಡಿದು, ಬ್ಲೇಡಿನ ಮೂಲೆಯಿಂದ ಕೊಳವೆಯ ಬುಡದಿಂದ ಬಾಯಿಯವರೆಗೆ ಒಂದೇ ಎಳೆತದಲ್ಲಿ ಸೀಳಿ. ನಿಧಾನವಾಗಿ ಕೊಯ್ದರೆ ಕೊಳವೆ ಜಜ್ಜಿಹೋಗುತ್ತದೆ. ಸೀಳಿದ ಅಂಚುಗಳನ್ನು ಎರಡು ಗುಂಡುಸೂಜಿಯಿಂದ ಅತ್ತಿತ್ತ ಸರಿಸಿ. ಒಳಗೋಡೆಗೆ ಅಂಟಿಕೊಂಡು ಮೇಲೆದ್ದ ಸಣ್ಣ ಕಡ್ಡಿಗಳೇ ಕೇಸರಗಳು, ತುದಿಯ ಹಳದಿ ಅಥವಾ ಕಂದು ಗಂಟು ಪರಾಗಕೋಶ. ನಡುವೆ ಒಂಟಿಯಾಗಿ ನಿಂತದ್ದು ಹೆಣ್ಣುಭಾಗ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎರಡೇ ಕೇಸರ: ಮಲ್ಲಿಗೆ, ಪಾರಿಜಾತ ಅಥವಾ ಆಸ್ಮಾಂತಸ್. ಹತ್ತು: ಕಾಮಿನಿ. ನಾಲ್ಕು, ಅದರಲ್ಲಿ ಎರಡು ಮೇಲೆ ಎರಡು ಕೆಳಗೆ: ಎಲೆ ಜೋಡಣೆ ಒಂದು ಬಿಟ್ಟು ಒಂದಾಗಿದ್ದರೆ ಬ್ರನ್‌ಫೆಲ್ಸಿಯಾ. ಐದು: ಸೆಸ್ಟ್ರಮ್ (ರಾತ್ರಿರಾಣಿಯ ಬಳಗ), ಬ್ರಗ್ಮ್ಯಾನ್ಸಿಯಾ, ದತ್ತೂರಿ ಇವುಗಳಲ್ಲೊಂದು. ಕೇಸರಗಳು ಕೊಳವೆಯ ಬಾಯಲ್ಲೇ ಕೂತಿದ್ದು, ಕಾಯಿಯಾಗುವ ಭಾಗ ಹೂವಿನ ಕೆಳಗೆ ಹಸಿರು ಗುಬ್ಬಿಯಂತೆ ಹೊರಗಿದ್ದರೆ ಗಾರ್ಡೇನಿಯಾ. ಎಲೆಯಲ್ಲಿ ಆಗಲೇ ಸಿಕ್ಕಿರಬೇಕು.

ಈ ಲೆಕ್ಕ ಕೈಕೊಡುವುದು ಸುತ್ತುದಳದ ಹೂಗಳಲ್ಲಿ. ಸುತ್ತುಮಲ್ಲಿಗೆ, ಸುತ್ತುದಳದ ಗಾರ್ಡೇನಿಯಾ, ಕ್ಲೆರೊಡೆಂಡ್ರಮ್‌ನ ತೋಟದ ತಳಿ ಇವುಗಳಲ್ಲಿ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುತ್ತವೆ. ದಳ ಒತ್ತೊತ್ತಾಗಿದ್ದರೆ ಕೇಸರ ಎಣಿಸುವ ಗೋಜಿಗೆ ಹೋಗದೆ ಎಲೆಯ ಸಾಕ್ಷಿಯನ್ನೇ ನಂಬಿ.

ಬದನೆ ಕುಟುಂಬದೊಳಗೆ ಯಾವುದು?

ಬ್ರಗ್ಮ್ಯಾನ್ಸಿಯಾವನ್ನು ಹೂವಿದ್ದಾಗ ಯಾರೂ ತಪ್ಪಲಾರರು: ಗೇಣುದ್ದದ, ಕೆಲವೊಮ್ಮೆ ಇನ್ನೂ ಉದ್ದದ ತುತ್ತೂರಿ ನೆಲ ನೋಡುತ್ತ ಜೋತುಬಿದ್ದಿರುತ್ತದೆ, ಕಾಯಿಗೆ ಮುಳ್ಳಿಲ್ಲ. ನಮ್ಮ ದತ್ತೂರಿಯ ಹೂ ಮೇಲ್ಮುಖ ಅಥವಾ ಓರೆ, ಕಾಯಿಗೆ ಮುಳ್ಳು ಅಥವಾ ಗುಬುಟು. ದಕ್ಷಿಣ ಅಮೆರಿಕದ ಈ ಬ್ರಗ್ಮ್ಯಾನ್ಸಿಯಾ ಜಾತಿಗಳು ಈಗ ಕಾಡಿನಲ್ಲಿ ಸಹಜವಾಗಿ ಉಳಿದಿಲ್ಲವೆಂದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಪಟ್ಟಿಮಾಡಿದೆ. ಮನುಷ್ಯರ ತೋಟಗಳಲ್ಲೇ ಬದುಕಿವೆ.

ನಿಜವಾದ ಗೊಂದಲ ಸೆಸ್ಟ್ರಮ್ ಮತ್ತು ಬ್ರನ್‌ಫೆಲ್ಸಿಯಾ ನಡುವೆ, ಏಕೆಂದರೆ ಎರಡಕ್ಕೂ ಇಂಗ್ಲಿಷಿನಲ್ಲಿ ರಾತ್ರಿಯ ರಾಣಿ, ರಾತ್ರಿಯ ಹೆಣ್ಣು ಎಂಬಂಥ ಹೆಸರುಗಳೇ. ಬ್ರನ್‌ಫೆಲ್ಸಿಯಾ ಅಮೆರಿಕಾನಾ ಕೆರಿಬಿಯನ್ ದ್ವೀಪಗಳದು. ಹೂ ಒಂಟೊಂಟಿಯಾಗಿ ಬರುತ್ತದೆ, ಕೊಳವೆ ಐದು ಸೆಂಟಿಮೀಟರಿಗೂ ಉದ್ದ, ಮುಖ ಅಗಲ, ದಳದಂಚು ದುಂಡು. ಅರಳಿದ ರಾತ್ರಿ ಬಿಳಿ, ಬರಬರುತ್ತ ಕೆನೆಹಳದಿ. ಒಂದೇ ಗಿಡದಲ್ಲಿ ಬಿಳಿ, ಹಳದಿ ಎರಡೂ ಬಣ್ಣದ ಹೂ ಕಂಡರೆ ಮೊದಲು ಇದನ್ನೇ ಶಂಕಿಸಿ. ನೇರಳೆಯಾಗಿ ಅರಳಿ ಬಿಳಿಯಾಗುವುದಾದರೆ ಅದು ಬ್ರೆಜಿಲ್‌ನ ಸೋದರಿ, ಬ್ರನ್‌ಫೆಲ್ಸಿಯಾ ಪಾಸಿಫ್ಲೋರಾ ಅಥವಾ ಅದರ ಹತ್ತಿರದ್ದು.

ಸೆಸ್ಟ್ರಮ್ ನಾಕ್ಟರ್ನಮ್, ಅಂದರೆ ಮಾಮೂಲಿ ರಾತ್ರಿರಾಣಿ, ಇದಕ್ಕೆ ತದ್ವಿರುದ್ಧ. ಹೂ ಗೊಂಚಲು ಗೊಂಚಲಾಗಿ ಎಲೆಕಂಕುಳಲ್ಲೂ ರೆಂಬೆಯ ತುದಿಯಲ್ಲೂ ಜೋಲುತ್ತದೆ. ಸ್ಕೇಲಿಟ್ಟರೆ ಕೊಳವೆ ಎರಡರಿಂದ ಎರಡೂವರೆ ಸೆಂಟಿಮೀಟರ್, ದಪ್ಪ ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು. ಬುಡದ ಹಸಿರು ಬಟ್ಟಲು ಎರಡು ಮೂರು ಮಿಲಿಮೀಟರ್ ಮಾತ್ರ. ದಳದ ಐದು ತುದಿಗಳೂ ಚೂಪು. ರಾತ್ರಿ ನಕ್ಷತ್ರದಂತೆ ಬಿಚ್ಚಿಕೊಂಡವು ಹಗಲಲ್ಲಿ ಒಟ್ಟಿಗೆ ಸೇರಿ ಮೊಗ್ಗಿನ ಹಾಗೆ ನಿಲ್ಲುತ್ತವೆ. ಹಗಲಲ್ಲಿ ನೋಡಿದವರು ಇನ್ನೂ ಅರಳಿಲ್ಲ ಎಂದುಕೊಳ್ಳುವುದು ಇದರಿಂದಲೇ. ಎಲೆ ಹದಿನೈದು ಇಪ್ಪತ್ತು ಸೆಂಟಿಮೀಟರ್‌ವರೆಗೆ, ಉದ್ದನೆ, ನಯ. ಕಾಯಿ ಮಾಗಿದರೆ ಬೆಳ್ಳಗೆ, ಒಂದು ಸೆಂಟಿಮೀಟರಿನಷ್ಟು.

ಕಾಯಿಯ ಬಣ್ಣವನ್ನು ಬರೆದಿಡಿ, ಸೆಸ್ಟ್ರಮ್‌ಗಳ ನಡುವೆ ತೀರ್ಪು ಕೊಡುವುದು ಅದೇ. ಹೂ ಬಿಳಿ, ತುದಿಗಳು ದುಂಡಾಗಿ ಹಿಂದಕ್ಕೆ ಬಾಗಿವೆ, ಹಗಲಲ್ಲೇ ಪರಿಮಳ, ಕಾಯಿ ಕಡುನೇರಳೆ ಅಥವಾ ಕಪ್ಪು ಎಂದಾದರೆ ಸೆಸ್ಟ್ರಮ್ ಡೈಯರ್ನಮ್, ದಿನ್ ಕಾ ರಾಜ. ಎಲೆ ಕಿರಿದು, ಉಜ್ಜಿದರೆ ಕೆಟ್ಟ ವಾಸನೆ, ಹೂ ಹಳದಿ ಮಿಶ್ರ ಹಸಿರು, ರಾತ್ರಿ ಪರಿಮಳ, ಕಾಯಿ ಕಪ್ಪು ಎಂದಾದರೆ ಚಿಲಿ ದೇಶದ ಸೆಸ್ಟ್ರಮ್ ಪಾರ್ಕಿ. ತಂಪು ದೇಶಗಳ ತೋಟಗಳಿಂದ ಬಂದ ಕಡ್ಡಿಯಾದರೆ ಇದರ ಸಾಧ್ಯತೆ ಹೆಚ್ಚು. ಕಿತ್ತಳೆ ಬಣ್ಣದ ಹೂವಿನ ಸೆಸ್ಟ್ರಮ್ ಆರಾಂಟಿಯಾಕಮ್ ನೀಲಗಿರಿ, ಕೊಡೈಕೆನಾಲ್ ಕಡೆ ತೋಟದಿಂದ ತಪ್ಪಿಸಿಕೊಂಡು ಕಾಡಂಚಿಗೆ ಹಬ್ಬಿರುವ ಗಿಡ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ವಿಮಾನದಲ್ಲಿ ಜೋಪಾನವಾಗಿ ತಂದ ಅಪರೂಪದ ಗಿಡ ಕೊನೆಗೆ ಮಾಮೂಲಿ ರಾತ್ರಿರಾಣಿಯೇ ಆಗಿರುವುದು ಎಲ್ಲಕ್ಕಿಂತ ಹೆಚ್ಚು. ವೆಸ್ಟ್ ಇಂಡೀಸ್, ಮಧ್ಯ ಅಮೆರಿಕದ ಈ ಗಿಡಕ್ಕೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಹೆಸರಿಟ್ಟದ್ದು 1753ರಲ್ಲಿ. ಇವತ್ತು ಕರ್ನಾಟಕದ ಯಾವ ಊರಿನ ನರ್ಸರಿಯಲ್ಲಾದರೂ ಸಿಗುತ್ತದೆ.

ಆ್ಯಪ್ ಯಾಕೆ ತಪ್ಪುತ್ತದೆ

ರಾತ್ರಿ ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ತಿಳಿಹಸಿರು ಹೂ ಅಚ್ಚಬಿಳಿಯಾಗುತ್ತದೆ, ಕೊಳವೆ ಹಿನ್ನೆಲೆಯಲ್ಲಿ ಕರಗುತ್ತದೆ, ಉಳಿಯುವುದು ಐದು ಮೊನೆಯ ಬಿಳಿ ಚಿತ್ರ. ಅದಕ್ಕೆ ಆ್ಯಪ್ ಮಲ್ಲಿಗೆ ಎಂದರೆ ಅದರ ತಪ್ಪೇನು? ಅಳತೆಯೂ ಅದಕ್ಕೆ ಗೊತ್ತಾಗುವುದಿಲ್ಲ, ಹಾಗಾಗಿ ಎರಡು ಸೆಂಟಿಮೀಟರ್ ಹೂವಿಗೂ ಏಳು ಸೆಂಟಿಮೀಟರ್ ಹೂವಿಗೂ ಭೇದವಿಲ್ಲ. ರಾತ್ರಿ ಕತ್ತರಿಸಿದ ರೆಂಬೆಯನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಸ್ಕೇಲಿಟ್ಟು, ಫ್ಲ್ಯಾಶ್ ಇಲ್ಲದೆ ಟ್ಯೂಬ್‌ಲೈಟ್ ಕೆಳಗೆ ತೆಗೆಯಿರಿ. ಹೂವಿನ ಮುಂಭಾಗ, ಪಕ್ಕದಿಂದ ಕೊಳವೆ, ಸೀಳಿದ ಹೂ, ಎಲೆಯ ಎರಡೂ ಮಗ್ಗುಲು, ಗೆಣ್ಣು, ಕಾಯಿ, ಇಡೀ ಗಿಡ. ಹಾಗಿದ್ದೂ ಆ್ಯಪ್ ಹೇಳಿದ್ದನ್ನು ಕುಟುಂಬದ ಮಟ್ಟದವರೆಗೆ ಮಾತ್ರ ನಂಬಿ, ಜಾತಿಯನ್ನು ಕೇಸರ ಮತ್ತು ಕಾಯಿಯಿಂದ ನೀವೇ ನಿರ್ಧರಿಸಿ.

ಹೂವೇ ಬಿಡದ ಗಿಡ

ಎಲೆ ಕಡುಹಸಿರಾಗಿ ಸೊಂಪಾಗಿ ಬೆಳೆದೂ ಹೂವಿಲ್ಲವೆಂದರೆ ಯೂರಿಯಾ ಅಥವಾ ಹಸಿ ಸಗಣಿಗೊಬ್ಬರ ಹೆಚ್ಚಾಗಿದೆ; ಸಾರಜನಕ ಎಲೆಗೆ ಹೋಗುತ್ತದೆ. ಎರಡು ತಿಂಗಳು ಗೊಬ್ಬರ ನಿಲ್ಲಿಸಿ. ದಿನಕ್ಕೆ ನಾಲ್ಕೈದು ತಾಸು ನೇರ ಬಿಸಿಲು ಬೀಳದ ಜಾಗದಲ್ಲಿದ್ದರೆ ಕುಂಡವನ್ನು ಸರಿಸಿ. ರಾತ್ರಿರಾಣಿ ಹೊಸ ಚಿಗುರಿನಲ್ಲಿ ಹೂ ಬಿಡುವುದರಿಂದ ಮೂರನೇ ಒಂದು ಪಾಲು ಸವರಿದರೆ ಮುಂದಿನ ಚಿಗುರಿನೊಂದಿಗೆ ಹೂ ಬರುತ್ತದೆ. ಗಿಡ ಯಾವುದೆಂದು ಗೊತ್ತಿಲ್ಲದಾಗ ಇಡೀ ಗಿಡ ಸವರಬೇಡಿ, ಒಂದು ಪಕ್ಕದ ರೆಂಬೆಗಳನ್ನಷ್ಟೇ ಕತ್ತರಿಸಿ ನೋಡಿ. ಹಳೆಯ ರೆಂಬೆಯಲ್ಲಿ ಹೂ ಬಿಡುವ ಜಾತಿಯಾಗಿದ್ದರೆ ಆ ವರ್ಷದ ಹೂವೆಲ್ಲ ಕತ್ತರಿಗೆ ಹೋಗುತ್ತದೆ.

ವಿಷದ ಲೆಕ್ಕ

ಬ್ರಗ್ಮ್ಯಾನ್ಸಿಯಾ ಮತ್ತು ದತ್ತೂರಿಯಲ್ಲಿ ಸ್ಕೋಪೊಲಮಿನ್, ಅಟ್ರೊಪಿನ್, ಹಯೊಸಯಮಿನ್ ಎಂಬ ವಿಷವಸ್ತುಗಳಿವೆ. ರೆಂಬೆ ಸವರಿದ ಕೈಯಲ್ಲಿ ಕಣ್ಣುಜ್ಜಿದರೂ ಪಾಪೆ ಹಿಗ್ಗಿ ದೃಷ್ಟಿ ಮಸುಕಾಗುತ್ತದೆ. ಹೊಟ್ಟೆಗೆ ಹೋದರೆ ಬಾಯಿ ಒಣಗುವುದು, ಎದೆಬಡಿತ ಏರುವುದು, ಇಲ್ಲದ್ದನ್ನು ಕಂಡಂತೆ ಬಡಬಡಿಸುವುದು. ಬ್ರನ್‌ಫೆಲ್ಸಿಯಾದ ಕಾಯಿ, ಬೀಜ ತಿಂದ ನಾಯಿಗಳಿಗೆ ನಡುಕ, ಸೆಳೆತ ಬರುತ್ತದೆ. ಸೆಸ್ಟ್ರಮ್ ಡೈಯರ್ನಮ್ ಮೇಯ್ದ ದನಗಳಲ್ಲಿ ಅದರಲ್ಲಿರುವ ವಿಟಮಿನ್ ಡಿ ಮಾದರಿಯ ವಸ್ತುವಿನಿಂದ ರಕ್ತನಾಳ, ಸ್ನಾಯುರಜ್ಜುಗಳಲ್ಲಿ ಸುಣ್ಣ ಕೂರುತ್ತದೆ. ಸೆಸ್ಟ್ರಮ್ ಪಾರ್ಕಿ ಮೇಯ್ದರೆ ಯಕೃತ್ತು ಹಾಳಾಗಿ ದನ ಸಾಯುತ್ತದೆ. ಮನೆಯಲ್ಲಿ ತೆವಳುವ ಮಗುವಿದ್ದರೆ ರಾತ್ರಿರಾಣಿಯ ಬಿಳಿ ಕಾಯಿಗಳನ್ನು ಮಾಗುವ ಮೊದಲೇ ಕತ್ತರಿಸಿ. ಯಾರಾದರೂ ತಿಂದರೆಂದು ಅನುಮಾನ ಬಂದರೆ ವಾಂತಿ ಮಾಡಿಸಲು ಹೋಗದೆ, ಎಲೆ, ಹೂ, ಕಾಯಿ ಇರುವ ಒಂದು ರೆಂಬೆ ಹಿಡಿದುಕೊಂಡು ನೇರ ಆಸ್ಪತ್ರೆಗೆ.

ಪರಿಮಳದಿಂದಲೇ ತಲೆನೋವು ಬರುವವರಿದ್ದಾರೆ, ಮಲಗುವ ಕೋಣೆಯ ಕಿಟಕಿಯಿಂದ ಗಿಡ ದೂರವಿರಲಿ. ರಾತ್ರಿರಾಣಿಗೆ ಹಾವು ಬರುತ್ತದೆ ಎಂಬ ಹೆದರಿಕೆಗೆ ಪರಿಮಳ ಕಾರಣವಲ್ಲ. ನೆಲಕ್ಕೆ ತಾಗುವ ದಟ್ಟ ಪೊದೆಯಲ್ಲಿ ಇಲಿ, ಕಪ್ಪೆ ಸೇರುತ್ತವೆ, ಹಾವು ಬರುವುದು ಅವಕ್ಕಾಗಿ. ಬುಡದಿಂದ ಒಂದೂವರೆ ಅಡಿಯವರೆಗೆ ರೆಂಬೆ ತೆಗೆದು ನೆಲ ಕಾಣುವಂತಿಟ್ಟರೆ ಸಾಕು.

ನೆಲಕ್ಕಿಳಿಸುವ ಮುನ್ನ

ಹೆಸರು ತಿಳಿಯುವವರೆಗೆ ಕುಂಡದಲ್ಲೇ ಇರಲಿ, ಅದೂ ಉಳಿದ ಗಿಡಗಳಿಂದ ಬೇರೆಯಾಗಿ. ಸೆಸ್ಟ್ರಮ್ ಕಾಯಿಗಳನ್ನು ಹಕ್ಕಿಗಳು ತಿಂದು ಬೀಜ ಹರಡುತ್ತವೆ. ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್, ಪೆಸಿಫಿಕ್ ದ್ವೀಪಗಳಲ್ಲಿ ರಾತ್ರಿರಾಣಿ ಕಾಟ ಕೊಡುವ ಕಳೆಯಾಗಿದೆ. ಮಲೆನಾಡಿನಲ್ಲಿ ಕಾಡಿಗೆ ಹೊಂದಿಕೊಂಡ ತೋಟವಿರುವವರು ಹೂ ಬಾಡಿದೊಡನೆ ಗೊಂಚಲು ಕತ್ತರಿಸುವ ರೂಢಿ ಮಾಡಿಕೊಳ್ಳಬೇಕು.

ಗಿಡದ ಜೊತೆ ಬರುವ ಹುಳು, ರೋಗಗಳೂ ಇವೆ. ಸಸ್ಯ ಸಂಪರ್ಕನಿಷೇಧದ (ಪ್ಲಾಂಟ್ ಕ್ವಾರಂಟೈನ್) 2003ರ ಆದೇಶದ ಪ್ರಕಾರ ಹೊರದೇಶದ ಗಿಡ, ಕಡ್ಡಿಗಳಿಗೆ ಆಮದು ಪರವಾನಗಿಯೂ ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ತರುವುದು ಕಾನೂನಿಗೆ ಹೊರತು. ಈಗಾಗಲೇ ಬಂದುಬಿಟ್ಟಿದ್ದರೆ ಎಲೆಯಡಿ ಬಿಳಿನೊಣ, ಹಿಟ್ಟುತಿಗಣೆ, ಎಲೆಯ ಮೇಲೆ ಹಳದಿ ಮಚ್ಚೆಗಳಿವೆಯೇ ನೋಡಿ. ಬದನೆ ಕುಟುಂಬದ ಗಿಡದಲ್ಲಿರುವ ಎಷ್ಟೋ ವೈರಸ್‌ಗಳಿಗೆ ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆಯೂ ಅಷ್ಟೇ ಇಷ್ಟ. ಸವರುವ ಕತ್ತರಿಯನ್ನು ತರಕಾರಿ ಗಿಡಕ್ಕೆ ಒಯ್ಯುವ ಮೊದಲು ಸ್ಪಿರಿಟ್‌ನಲ್ಲಿ ಒರೆಸಿ.

ತಿಳಿದವರಿಗೆ ತೋರಿಸುವುದಾದರೆ

ಇಷ್ಟೆಲ್ಲ ಮಾಡಿಯೂ ಗಿಡ ಮೇಲಿನ ಯಾವುದಕ್ಕೂ ಹೊಂದದಿದ್ದರೆ ಒಣಮಾದರಿ ಮಾಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹರ್ಬೇರಿಯಂ, ಅಂದರೆ ಒಣಗಿಸಿದ ಸಸ್ಯಮಾದರಿಗಳ ಸಂಗ್ರಹ ಇದೆ, ಭಾರತೀಯ ಸಸ್ಯ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಕೊಯಮತ್ತೂರಿನಲ್ಲಿದೆ. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗವನ್ನೂ ಕೇಳಬಹುದು. ಹೂ, ಮೊಗ್ಗು, ಸಾಧ್ಯವಾದರೆ ಕಾಯಿ ಇರುವ ಒಂದಡಿ ರೆಂಬೆಯನ್ನು ರಾತ್ರಿಯೇ ಕತ್ತರಿಸಿ ಪತ್ರಿಕೆಯ ಹಾಳೆಗಳ ನಡುವೆ ಹರಡಿ. ಒಂದೆರಡು ಎಲೆಗಳು ಮಗುಚಿ ಕೆಳಭಾಗ ಕಾಣುವಂತಿರಲಿ. ಮೇಲೆ ಹತ್ತು ಕಿಲೊ ಭಾರ ಹೇರಿ. ಮೊದಲ ಮೂರು ದಿನ ದಿನವೂ ಹಾಳೆ ಬದಲಿಸಬೇಕು, ಮಳೆಗಾಲದಲ್ಲಿ ದಿನಕ್ಕೆರಡು ಸಲ. ಬದಲಿಸದಿದ್ದರೆ ಎಲೆ ಕಪ್ಪಾಗಿ ಬೂಷ್ಟು ಹಿಡಿಯುತ್ತದೆ.

ಒಣಗಿದ ಮೇಲೆ ಹೂವಿನ ಬಣ್ಣ ಕಂದಿ ಹೋಗುತ್ತದೆ, ಪರಿಮಳವಂತೂ ಇರುವುದೇ ಇಲ್ಲ. ಆದ್ದರಿಂದ ಹೂವಿನ ಬಣ್ಣ, ಅರಳುವ ಹೊತ್ತು, ಪರಿಮಳ ಶುರುವಾಗುವ ಮತ್ತು ನಿಲ್ಲುವ ಹೊತ್ತು, ಕಾಯಿಯ ಬಣ್ಣ, ಗಿಡದ ಎತ್ತರ, ಸೊನೆ ಇದೆಯೋ ಇಲ್ಲವೋ, ಕೇಸರಗಳ ಸಂಖ್ಯೆ, ಕಡ್ಡಿ ಯಾವ ದೇಶದ ಯಾವ ಊರಿನಿಂದ ಬಂತು ಎಂಬುದನ್ನು ಪೆನ್ಸಿಲ್‌ನಲ್ಲಿ ಚೀಟಿ ಬರೆದು ಅದೇ ಹಾಳೆಗೆ ಪಿನ್ ಹಾಕಿ. ಇಂಕಿನಲ್ಲಿ ಬರೆದರೆ ರೆಂಬೆಯ ತೇವಕ್ಕೆ ಅಕ್ಷರ ಕಲಸಿಹೋಗುತ್ತದೆ.